ನಮ್ಮ ಭಾವನ ಶುಗರ್ ಟೆಸ್ಟು

ನರಸೀಪುರದ ಸಮಸ್ತ ಗಂಡಸರ ಗಂಡಸುತನ ಇನ್ನೂ ಉಳಿದಿದ್ದರೆ ಅದು ನಮ್ಮ ಭಾವನಿಂದ! ನಾನು ಹೇಳುತ್ತಿಲ್ಲ, ಅವರೇ ಹೇಳಿಕೊಳ್ಳುತ್ತಿದ್ದರು. ಭಾವ ಎಂದರೆ ನನ್ನ ಅಕ್ಕನ ಗಂಡ, ಟಿ. ನರಸೀಪುರದಲ್ಲಿ ಹಿಂಡಿ-ಬೂಸಾ ಅಂಗಡಿ. ದನದ ಮೇವು ಮಾರಿಕೊಂಡಿದ್ದ ಮನುಷ್ಯ ಐವತ್ತು ದಾಟುತ್ತಿದ್ದಂತೆ ಮನುಷ್ಯರ ಡಾಕ್ಟರಾಗಿಬಿಟ್ಟರು. ಪದವಿ ಕೊಟ್ಟಿದ್ದು ಮೊಬೈಲು.

"ಈಗಿನ್ ಗಂಡಸ್ರಿಗೆ ಟೆಸ್ಟೋಸ್ಟಿರಾನ್ ಕಮ್ಮಿ ಆಯ್ತಾ ಅದೆ ಕಣಮ್ಮಿ."

"ಅದೇನು ಭಾವ, ಗೊಬ್ಬರವಾ?"

"ಗಂಡಸ್ರ ಆರ್ಮೋನು! ವಯಸ್ಸಾಯ್ತಾ ಆಯ್ತಾ ಇಳೀತದೆ. ನಂಗಲ್ಲ ಬುಡು, ಊರೋರಿಗೆ ಯೋಳ್ತಿದ್ದೀನಿ."

ಊರವರಿಗೆ ಎಂದ ಮೇಲೆ ಅಂಗಡಿಗೆ ಬಂದವರನ್ನು ಬಿಡುತ್ತಾರೆಯೇ? ಹಸು ಹಾಲು ಕಡಿಮೆ ಮಾಡಿದೆ, ಒಳ್ಳೆ ಹಿಂಡಿ ಕೊಡಿ ಎಂದು ಬಂದ ರೈತನಿಗೆ, "ಅಸ ಅತ್ಲಾಗಿರ್ಲಿ ಕಣ್ಲಾ, ನೀನೆಂಗಿದ್ದೀಯೆ ಯೋಳು? ನಿದ್ದೆ ಬತ್ತದಾ? ಒಟ್ಟೆ ಯಾಕಿಂಗ್ ಬುಟ್ಟಿದ್ದೀಯೆ?" ಎಂದು ಶುರು ಹಚ್ಚಿಕೊಂಡರು. ಆ ಬಡಪಾಯಿ ಹಿಂಡಿಯನ್ನು ಎದುರಂಗಡಿಯಲ್ಲಿ ಕೊಂಡ.

ಪ್ರಯೋಗಗಳು ಮಾತ್ರ ತಮ್ಮ ಮೈಮೇಲೇ! ಕುದುರೆಗೆ ಅಷ್ಟು ಕಸುವು ಬರುವುದು ಹುರುಳಿಯಿಂದ ತಾನೇ ಎಂದು, ನೆನೆಸಿದ ಹುರುಳಿಯನ್ನು ಬೆಳಬೆಳಗ್ಗೆ ಬೊಗಸೆಗಟ್ಟಲೆ ಮುಕ್ಕಿದರು. ಕಸುವು ಬಂತೋ ಇಲ್ಲವೋ, ಮನೆಯವರು ಕಿಟಕಿ ಬಾಗಿಲು ತೆರೆದಿಟ್ಟು ಕೂರುವಂತಾಯಿತು. ಆಮೇಲೆ ಬಿಸಿಲು. ಬಿಸಿಲು ಬಿದ್ದರೆ ಹಾರ್ಮೋನು ಏರುತ್ತದಂತೆ! ಪಂಚೆ ಎತ್ತಿಕಟ್ಟಿ ಬರಿಮೈಯಲ್ಲಿ ತಾರಸಿ ಮೇಲೆ ಮಲಗಿದರು. ಪಕ್ಕದಲ್ಲೇ ಅಕ್ಕ ಒಣಹಾಕಿದ್ದ ಹಪ್ಪಳ.

"ಅಪ್ಳ ಒಣಗಿ ಡಬ್ಬಕ್ಕೋಯ್ತು, ನೀವಿನ್ನೂ ಒಣಗಿಲ್ವಾ?" ಅಂದಳು ಅಕ್ಕ. ಮೊದಲಾಗಿದ್ದರೆ ಭಾವ ಏನಾದರೊಂದು ತಿರುಗೇಟು ಕೊಟ್ಟು ಅವಳನ್ನು ನಗಿಸದೆ ಬಿಡುತ್ತಿರಲಿಲ್ಲ. ಈಗ ಸುಮ್ಮನೆ ಮಗ್ಗುಲು ಬದಲಿಸಿದರು.

ಅದೇ ನೋಡಿ ಸಂಕಟ. ನಾಲ್ಕೈದು ವರ್ಷದಿಂದ ಭಾವ ಮಂಚವನ್ನು ಜಗಲಿಗೆ ಸಾಗಿಸಿದ್ದರು. ಒಳಗೆ ಸೆಕೆಯಂತೆ, ಮಾಗಿಯ ಚಳಿಯಲ್ಲೂ ಸೆಕೆಯೇ! ಅಕ್ಕನ ಜೊತೆ ಕೂತು ಅವರೆಕಾಯಿ ಸುಲಿಯುತ್ತಾ ಹರಟೆ ಹೊಡೆಯುತ್ತಿದ್ದವರು ಅದನ್ನೂ ಬಿಟ್ಟರು. "ನಾನು ಅವ್ರಿಗೆ ಬ್ಯಾಡ್ದೋಳಾಗ್ಬುಟ್ಟೆ ಕಣಮ್ಮಿ. ಮುದ್ಕಿ ಆದ್ನಲ್ಲ," ಎಂದು ಅಕ್ಕ ಒಮ್ಮೆ ಒಲೆ ಮುಂದೆ ಅಂದಾಗ ನಾನು ಅವಳ ಕೈಯಿಂದ ಊದುಗೊಳವೆ ಇಸಿದುಕೊಂಡೆ.

ಹೀಗಿರುವಾಗ ಒಂದು ಸಂಜೆ ಭಾವ ನಂಜನಗೂಡಿನ ನಮ್ಮ ಮನೆಗೆ ಬಂದಿಳಿದರು. ಮರುದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ಟೆಸ್ಟಂತೆ. ನರಸೀಪುರದಲ್ಲಿ ಲ್ಯಾಬ್ ಇಲ್ಲವೇ? "ಅಲ್ಲೆಲ್ಲಾ ಗುರ್ತಿರೋ ಜನ ಕಣಮ್ಮಿ." ಶುಗರಿಗೆ ಯಾರಪ್ಪಾ ನಾಚಿಕೊಳ್ಳುತ್ತಾರೆ? ದಾರಿ ತೋರಿಸಲು ನಾನೂ ಹೋದೆ. ಭಾವ ಕೌಂಟರಿನ ಹುಡುಗಿಯ ಹತ್ತಿರ ಏನೋ ಪಿಸುಗುಟ್ಟಿ, ಬೆಂಚಿನ ಕಡೆ ತಿರುಗಿದರು. ಅಲ್ಲಿ ಪೇಪರನ್ನು ಮುಖದ ತುಂಬ ಹಿಡಿದು ಕೂತವರು ಯಾರು? ಬನ್ನೂರಿನ ಬೀಗರು! ಭಾವನ ಮಗಳ ಮಾವ!

"ಏನ್ ಬೀಗ್ರೇ, ಈ ಕಡೆ?"

"ಶುಗರ್ರು. ತಾವು?"

"ನಮ್ದೂ ಶುಗರ್ರೇ."

ಅಷ್ಟರಲ್ಲಿ ಹುಡುಗಿ ಇಡೀ ಲ್ಯಾಬಿಗೆ ಕೇಳುವಂತೆ ಕೂಗಿದಳು: "ಟೆಸ್ಟೋಸ್ಟಿರಾನ್‌ಗೆ ಬಂದಿರೋರು ಇಬ್ರೂ ಒಳಗ್ ಬನ್ನಿ ಸಾರ್!"

ನರಸೀಪುರದ ಕಡೆಯ ಗಂಡಸರು ಈ ಟೆಸ್ಟಿಗೆ ನಂಜನಗೂಡಿಗೆ ಬರುತ್ತಾರಂತೆ, ನಂಜನಗೂಡಿನವರು ನರಸೀಪುರಕ್ಕೆ ಹೋಗುತ್ತಾರಂತೆ! ನಮ್ಮ ಯಜಮಾನರು ಹೋದ ತಿಂಗಳು ಕಾಫಿಯನ್ನೂ ಕುಡಿಯದೆ ನರಸೀಪುರದ ಮೊದಲ ಬಸ್ಸು ಹತ್ತಿದ್ದೇಕೆಂದು ನಾನಂತೂ ಕೇಳಿಲ್ಲ.

ಭಾವನದು ಕಮ್ಮಿಯೇ ಬಂತು. ರಿಪೋರ್ಟು ನೋಡಿದ ನಂಜನಗೂಡಿನ ಡಾಕ್ಟರು, "ಇನ್ನೊಂದು ಬೆಳಗ್ಗೆ ಮತ್ತೆ ರಕ್ತ ಕೊಡಿ, ಆಮೇಲೆ ಮನೆಯವರನ್ನೂ ಕರೆದುಕೊಂಡು ಬನ್ನಿ," ಎಂದರು. ಏನೋ ದೊಡ್ಡ ಕಾಯಿಲೆಯೇ ಇರಬೇಕೆಂದು ಹೆದರಿದ ಅಕ್ಕ ನನ್ನನ್ನೂ ಜೊತೆಗೆಳೆದುಕೊಂಡೇ ಡಾಕ್ಟರ ಕೋಣೆಗೆ ಹೋದಳು. ಎರಡನೇ ಸಲವೂ ಕಮ್ಮಿ. ವಯಸ್ಸಿಗೆ ತುಸು ಇಳಿಯುವುದು ಸಹಜ, ಹೊಟ್ಟೆ ಕರಗಿಸಿ, ನಡೆಯಿರಿ, ಸಂಜೆಯ ಗುಂಡು ಬಿಡಿ, ಕಣ್ತುಂಬ ನಿದ್ದೆ ಮಾಡಿ, ಮೊಬೈಲು ನೋಡಿ ಮಾತ್ರೆ ನುಂಗಬೇಡಿ, ಔಷಧ ಬೇಕಾದರೆ ನಾನೇ ಕೊಡುತ್ತೇನೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಕೊನೆಗೆ ಕೇಳಿದರು, "ಇದನ್ನ ಮನೇಲಿ ಹೇಳಿದ್ರಾ?"

ಊರಿಗೆಲ್ಲ ಸಾರಿದ್ದ ಮನುಷ್ಯ ತಲೆ ಬಗ್ಗಿಸಿದರು.

"ಇವ್ಳ ಅತ್ರಕ್ಕೋದ್ರೆ, ಇವ್ನು ಕೈಲಾಗ್ದೋನು ಅಂದ್ಕಂಡಾಳು ಅಂತ... ದೂರಾನೇ ಉಳ್ಕಂಡ್ಬುಟ್ಟೆ ಸಾ."

ಅಕ್ಕ ಅವರನ್ನೇ ನೋಡಿದಳು. "ನನ್ ಕಂಡ್ರೆ ನಿಮ್ಗಾಗಲ್ಲ ಅಂದ್ಕಂಡಿದ್ನಲ್ರೀ ನಾನು," ಎಂದಳು.

ಅಯ್ಯೋ, ಒಂದೇ ಸೂರಿನ ಕೆಳಗೆ ನಾಲ್ಕೈದು ವರ್ಷ! ಅದನ್ನು ಯಾವ ಮಾತ್ರೆ ವಾಪಸು ತಂದುಕೊಡುತ್ತದೆ? ಇಷ್ಟು ದಿನ ಭಾವನ ಕಥೆ ಹೇಳಿ ನಗುತ್ತಿದ್ದ ನನಗೆ ಅಲ್ಲಿ ಅಳು ಬಂತು.

ಹೊರಗೆ ಊಟಿ ರಸ್ತೆ. ಲಾರಿ, ಬಸ್ಸು ಒಂದರ ಹಿಂದೊಂದು. ದಾಟಲು ನಿಂತಾಗ ಭಾವ, ಸುತ್ತ ಯಾರಿದ್ದಾರೆಂದೂ ನೋಡದೆ, ಅಕ್ಕನ ಕೈ ಹಿಡಿದುಕೊಂಡರು. ರಸ್ತೆ ದಾಟಿದ ಮೇಲೂ ಬಿಡಲಿಲ್ಲ. ನನಗೆ ಎಳನೀರು ಬೇಡದಿದ್ದರೂ ಅದರ ಗಾಡಿಯ ಕಡೆ ತಿರುಗಿ ನಿಂತೆ.

ಭಾವ ಬಸ್ಸು ವಿಚಾರಿಸಲು ಹೋದಾಗ ಅಕ್ಕ ನನ್ನ ಪಕ್ಕಕ್ಕೆ ಬಂದಳು. ಕಣ್ಣು ತುಂಬಿತ್ತು.

"ಇಷ್ಟೇ ಸಾಕಾಗಿತ್ತು ಕಣಮ್ಮಿ ನಂಗೆ," ಅಂದಳು. "ಇಷ್ಟು ವರ್ಸಾನೂ ಇಷ್ಟೇ ಸಾಕಾಗಿತ್ತು."