ಎಕ್ಸ್‌ರೇಯಲ್ಲಿ ಕಂಡ ಗಂಟು

ಚೀಲ ಬಿಚ್ಚದೆ ಮಾಲಿನ ಗುಣ ಹೇಳುವವರು ಗದಗಿನ ಶೇಂಗಾ ಬಜಾರದಲ್ಲಷ್ಟೇ ಇರುತ್ತಾರೆಂದು ತಿಳಿದಿದ್ದೆ. ೧೯೮೦ರ ಸುಮಾರಿಗೆ ಮೂರು ತಿಂಗಳು ಕೆಮ್ಮಿದ ಮೇಲೆ, ಅಂಥವರು ಎಲ್ಲ ಧಂದೆಯಲ್ಲೂ ಇದ್ದಾರೆಂದು ಗೊತ್ತಾಯಿತು.

೧. ಬೀಡಿ

ಊರಿನ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಪುಪ್ಪುಸದಲ್ಲಿ ನಿಂಬೆಕಾಯಿಯಷ್ಟು ಗಂಟಿದೆ, ಕ್ಯಾನ್ಸರೇ ಎಂದರು. ದಿನಕ್ಕೆ ಎಷ್ಟು ಬೀಡಿ ಎಂದು ಕೇಳಿದರು. ಜನ್ಮದಲ್ಲಿ ಒಂದೂ ಸೇದಿಲ್ಲ ಎಂದೆ. ಅವರು ನನ್ನನ್ನು ಬಿಟ್ಟು ಹೆಂಡತಿಯ ಕಡೆ ನೋಡಿದರು.

"ಎಲ್ಲಾರೂ ಹಿಂಗ ಅಂತಾರ್ರಿ."

ಗಂಡ ಸಾಯುತ್ತಾನೆಂದು ಅಳಬೇಕಾದವಳು ಮನೆಗೆ ಬಂದು ಮೊದಲು ನನ್ನ ಕೋಟಿನ ಕಿಸೆ ಝಾಡಿಸಿದಳು. ಏನೂ ಸಿಗಲಿಲ್ಲ. ಸಂಶಯ ಇನ್ನೂ ಹೆಚ್ಚಾಯಿತು.

೨. ಬೆಳ್ಳಟ್ಟಿಯ ಮಾವ

ಹುಬ್ಬಳ್ಳಿಯ ದೊಡ್ಡ ಡಾಕ್ಟರು ಎದೆಗೆ ಸೂಜಿ ಚುಚ್ಚಿ, ಚೂರು ತೆಗೆದು ತಪಾಸಣೆಗೆ ಕಳಿಸಿದರು. ಕ್ಯಾನ್ಸರಾದರೆ ಒಂದು ಕಡೆಯ ಪುಪ್ಪುಸವನ್ನೇ ಕತ್ತರಿಸಬೇಕು, ಆಮೇಲೂ ಬದುಕುವ ಖಾತ್ರಿ ಇಲ್ಲ. ಉತ್ತರ ಬರಲು ಹದಿನೈದು ದಿನ. ಮಂದಿಗೆ ಅಷ್ಟು ಪುರುಸೊತ್ತು ಎಲ್ಲಿ? ಮರುದಿನವೇ ಬಾಳೆಹಣ್ಣು ಹಿಡಿದು ಬರತೊಡಗಿದರು. ಬೆಳ್ಳಟ್ಟಿಯ ಸೋದರಮಾವ ನನ್ನ ಕೈ ಹಿಡಿದು ಅತ್ತು, ನಾನು ಬಿಟ್ಟ ಉಪ್ಪಿಟ್ಟನ್ನೂ ತಾವೇ ಮುಗಿಸಿ, ಬಸ್ಸಿಗೆಂದು ಎದ್ದರು. ಒಂದು ದಿನ ಇದ್ದು ಹೋಗಿರೆಂದು ಹೆಂಡತಿ ಒತ್ತಾಯ ಮಾಡಿದಳು.

"ಬ್ಯಾಡವಾ, ಹೆಂಗೂ ಇನ್ನೊಮ್ಮೆ ಬರೂದು ಐತಲ್ಲ, ಆವಾಗ ಮೂರು ದಿನ ಇರತೀನಿ."

೩. ಎದುರಿನ ಅಂಗಡಿಯವ

ಸಾಯುವವನ ಜೋಡಿ ಜಗಳ ಇಟ್ಟುಕೊಳ್ಳಬಾರದೆಂಬುದು ನಮ್ಮ ಕಡೆಯ ಪದ್ಧತಿ. ಐದು ವರ್ಷದಿಂದ ಮಾತು ಬಿಟ್ಟಿದ್ದ, ನನ್ನ ಶೇಂಗಾ ಅಂಗಡಿಯ ಎದುರಿನ ಅಂಗಡಿಯವ ಹದಿನಾಲ್ಕನೆಯ ದಿನ ಬಂದ. ನನ್ನ ಶೇಂಗಾಕ್ಕೆ ಬೂಷ್ಟು ಹಿಡಿದಿದೆಯೆಂದು ಮುಂಡರಗಿ, ಲಕ್ಷ್ಮೇಶ್ವರದವರೆಗೆ ಸುಳ್ಳು ಹಬ್ಬಿಸಿದವ ತಾನೇ ಎಂದು ಕಾಲು ಹಿಡಿದ. ಸಾಯುವವನಿಗೆ ಬೇರೇನು ಕೆಲಸ? ಮಾಫಿ ಕೊಟ್ಟೆ.

ಮರುದಿನ ಹುಬ್ಬಳ್ಳಿಯ ಡಾಕ್ಟರು ಕಾಗದ ಓದಿ, ನನ್ನ ಧಂದೆ ಏನೆಂದು ಕೇಳಿದರು. ಶೇಂಗಾ ವ್ಯಾಪಾರ, ಮೂವತ್ತು ವರ್ಷದಿಂದ ಚೀಲಕ್ಕೊಂದು ಹಿಡಿ ಎತ್ತಿ, ಮೂಗಿಗೆ ಒತ್ತಿ, ವಾಸನೆ ಎಳೆದ ಮೇಲೇ ಮಾಲು ತೊಗೊಳ್ಳುತ್ತೇನೆ ಎಂದು ಜಂಬದಿಂದಲೇ ಹೇಳಿದೆ. ಅದೇ ತಪ್ಪು ಎಂದರು. ಕ್ಯಾನ್ಸರಲ್ಲ; ಶೇಂಗಾದ ಬೂಷ್ಟು ಧೂಳಿನ ಸಂಗಡ ಒಳಗೆ ಹೋಗಿ, ಎದೆಯಲ್ಲಿ ಬೆಳೆದು ಗಂಟಾಗಿದೆ. ಔಷಧಿಗೆ ಬಗ್ಗುತ್ತದೆ, ಕತ್ತರಿಸುವುದು ಬೇಡ.

ಬದುಕಿದೆನೆಂಬ ಖುಷಿಯಲ್ಲಿ ನಾನೇ ಎದುರಿನ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವ ಚಹಾ ತರಿಸಿದ. ಪೂರ್ತಿ ಕೇಳಿಕೊಂಡು, ಒಂದಿಷ್ಟು ವಿಚಾರ ಮಾಡಿ, ಕಪ್ಪು ಕೆಳಗಿಟ್ಟ.

"ಹಂಗಾದ್ರ ನಿಮ್ಮ ಶೇಂಗಾದಾಗ ಬೂಷ್ಟು ಇದ್ದದ್ದು ಖರೆ ಆತು. ನಾ ಕೇಳಿದ ಮಾಫಿ ವಾಪಸ್ ಕೊಡ್ರಿ."