ಕಾಲೊರಸಿನ ಕರೆಂಟು

ಹೆಂಡತಿ: ಬಲ್ಬಿನ ಹೋಲ್ಡರು ಸುಟ್ಟು ಮೂರು ತಿಂಗಳಾಯ್ತು ರೀ! ಎಲೆಕ್ಟ್ರಿಷಿಯನ್ನ ಕರೀರಿ ಅಂದ್ರೆ, ನನ್ನ ಲಂಗದ ನೈಲಾನ್ ಲೈನಿಂಗ್ ಕತ್ತರಿಸಿ ಕಾಲೊರಸಿನ ಕೆಳಗೆ ಹಾಕಿದ್ದೀರಲ್ಲ?

ಟೈಲರ್: ಅದು ಕಾಲೊರಸಲ್ಲ ಕಣೇ, ವಿದ್ಯುತ್ ಸ್ಥಾವರ.

ನೆಲಮಾಳಿಗೆಯ ಆ ಅಂಗಡಿಗೆ ಕಿಟಕಿಯೇ ಇಲ್ಲ. ಟೈಲರನ ತೊಡೆಯ ಮೇಲೆ ಬ್ಯಾಂಡ್ ಮಾಸ್ಟರನ ಕಪ್ಪು ಕೋಟು. ಕೈಯಲ್ಲಿ ಕಪ್ಪು ದಾರ, ಮೂರು ಕಪ್ಪು ಗುಂಡಿ. ಐದು ಗಂಟೆಗೆ ಕೋಟು ಸಿಗದಿದ್ದರೆ ಇಡೀ ಬ್ಯಾಂಡಿನ ಬಟ್ಟೆಯನ್ನು ಎದುರಂಗಡಿಗೆ ಕೊಡುತ್ತೇನೆಂದು ಆತ ಹೇಳಿ ಹೋಗಿದ್ದ. ಆಗಲೇ ನಾಲ್ಕೂವರೆ.

ಹೆಂಡತಿ: ಬೀದಿಗೆ ಹೋಗಿ ಬಿಸಿಲಲ್ಲಿ ಹೊಲೀರಿ.

ಟೈಲರ್: ಎದುರಂಗಡಿಯವನು ನೋಡಿ ನಗಲಿ ಅಂತಾನಾ? ಇಲ್ಲಿ ಕೇಳು. ಮೇಲೆ ನೈಲಾನು, ಕೆಳಗೆ ಇಸ್ತ್ರಿಪೆಟ್ಟಿಗೆ ತಳಕ್ಕೆ ಹಾಕೋ ಟೆಫ್ಲಾನ್ ಹಾಳೆ. ಎರಡೂ ಮುಟ್ಟಿದಾಗ ಟೆಫ್ಲಾನು ನೈಲಾನಿನ ಹತ್ರ ಚೂರು ಚಾರ್ಜು ಕಿತ್ಕೊಳ್ಳುತ್ತೆ. ಬಿಟ್ಟು ದೂರ ಆದಾಗ ಮೇಜಿನ ಮೇಲಿರೋ ದೀಪದ ತಂತಿಲಿ ಕರೆಂಟು ಓಡುತ್ತೆ. ಸ್ವೆಟರ್ ಬಿಚ್ಚುವಾಗ ಚಟಪಟ ಅನ್ನಲ್ವಾ, ಅದೇ.

ಹೆಂಡತಿ: ಹಾಗಾದ್ರೆ ಇಸ್ತ್ರಿಪೆಟ್ಟಿಗೆ ತಳಾನೂ ಹೋಯ್ತಾ? ನಿಮ್ಮ ಸ್ಥಾವರಕ್ಕೆ ಬೆಂಕಿ ಬೀಳ!

ಅವಳು ಕಾಲೊರಸಿನ ಮೇಲೆ ಕಾಲು ಅಪ್ಪಳಿಸಿದಳು. ಮೇಜಿನ ಮೇಲಿನ ಪುಟ್ಟ ದೀಪಗಳ ಸಾಲು ಫಳ್ಳೆಂದು ಹೊತ್ತಿ ಆರಿತು. ಅಷ್ಟರಲ್ಲಿ ಟೈಲರಿಗೆ ಸೂಜಿಯ ಕಣ್ಣು ಕಂಡಿತು, ದಾರ ತೂರಿತು. ಬೆಳಗ್ಗೆಯಿಂದ ಅವನೇ ಹಾರಿ ಹಾರಿ ನೋಡಿದ್ದ. ದೀಪವೇನೋ ಹೊತ್ತುತ್ತಿತ್ತು, ಹಾರುವವನ ಕೈಗೆ ಸೂಜಿಯ ಕಣ್ಣು ಸಿಗುತ್ತಿರಲಿಲ್ಲ.

ಟೈಲರ್: ಇನ್ನೊಂದ್ಸಲ ತುಳಿಯೇ!

ಹೆಂಡತಿ: ನಾನೇನು ಕುದುರೆನಾ?

ಟೈಲರ್ ಸೂಜಿಯನ್ನು ಗುಂಡಿಯ ಮೇಲೆ ಹಿಡಿದು ಸಿದ್ಧನಾದ.

ಟೈಲರ್: ನಿಮ್ಮಣ್ಣನ ಪ್ಯಾಂಟು ಬಿಗಿಯಾಗಿತ್ತಲ್ಲ, ತಪ್ಪು ನನ್ನ ಹೊಲಿಗೇದಲ್ಲ. ಅವನ ಹೊಟ್ಟೇದು.

ಹೆಂಡತಿ: ನಮ್ಮಣ್ಣನ ಸುದ್ದಿಗೆ ಬರಬೇಡಿ!

ಧಡ್! ಒಂದು ಹೊಲಿಗೆ ಬಿತ್ತು.

ಟೈಲರ್: ನೀನು ಹಾಕೋ ಕಾಜಾ ಇಲಿ ಕಡಿದ ತೂತಿನ ಹಾಗಿರುತ್ತೆ.

ಹೆಂಡತಿ: ಹತ್ತು ವರ್ಷದಿಂದ ಈ ಅಂಗಡಿ ಗುಂಡಿಗೆಲ್ಲ ತೂತು ಮಾಡ್ತಿರೋಳು ನಾನು!

ಧಡ್! ಧಡ್! ಮೊದಲ ಗುಂಡಿ ಕೂತಿತು.

ಟೈಲರ್: ನೀನು ಹಾಡಿದ್ರೆ, ಮೆಷಿನ್ನಿಗೆ ಎಣ್ಣೆ ಬೇಕೇನೋ ಅಂತ ಎದ್ದು ನೋಡ್ತೀನಿ.

ಧಡ್! ಧಡ್! ಧಡ್! ಎರಡನೆಯದೂ ಕೂತಿತು. ಟೈಲರ್ ಮುಗುಳ್ನಕ್ಕ. ಆ ನಗು ಅವನದೇ ದೀಪದಲ್ಲಿ ಅವಳಿಗೆ ಕಂಡುಬಿಟ್ಟಿತು.

ಹೆಂಡತಿ: ರೀ, ನನ್ನ ಸಿಟ್ಟಲ್ಲಿ ಗುಂಡಿ ಹೊಲೀತಿದ್ದೀರಾ?

ಅವಳು ಕಾಲೊರಸಿನ ಮೇಲೆ ಕಂಬದಂತೆ ನಿಂತಳು. ಕತ್ತಲೆ.

ಟೈಲರ್: ಸುಮ್ನೆ ನಿಂತ್ರೆ ಬರಲ್ಲ ಕಣೇ. ಮುಟ್ಟಬೇಕು, ಬಿಡಬೇಕು. ಅಂಟಿಕೊಂಡೇ ಇದ್ರೆ ಕರೆಂಟಿಲ್ಲ.

ಹೆಂಡತಿ: ಮದುವೆ ಆದಾಗಿಂದ ಅಂಟಿಕೊಂಡೇ ಇದ್ದೀನಲ್ಲ. ಅದಕ್ಕೇ ಇರಬೇಕು, ಬೆಳಕಿಲ್ಲ.

ಟೈಲರ್: ನಿಮ್ಮಣ್ಣನ ಹೊಟ್ಟೆ...

ಹೆಂಡತಿ: ದಪ್ಪಾನೇ.

ಟೈಲರ್: ನಿನ್ನ ಕಾಜಾ...

ಹೆಂಡತಿ: ಇಲಿ ಕಡಿದಿದ್ದೇ.

ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು. ಟೈಲರ್ ಕೋಟನ್ನು ತೊಡೆಗೆ ಒತ್ತಿ ಹಿಡಿದ.

ಟೈಲರ್: ಸೋತೆ ಕಣೇ! ನೀನು ಹೇಳಿದ್ದೇ ಸರಿ. ಎಲೆಕ್ಟ್ರಿಷಿಯನ್ನ ಕರೀತೀನಿ. ನಿನ್ನಂಥ ಕಾಜಾ ಈ ಊರಲ್ಲಿ ಯಾರೂ ಹಾಕಲ್ಲ. ಹಾಡಿನ ವಿಷಯ... ಆಮೇಲೆ ಮಾತಾಡೋಣ.

ಹೆಂಡತಿ: ನಾನು ಹೇಳಿದ್ದು ಸರೀನಾ? ಇನ್ನೊಂದ್ಸಲ ಹೇಳಿ!

ಟೈಲರ್: ಸರಿ, ಸರಿ, ಸರಿ!

ಆ ಮಾತನ್ನು ಅವಳು ಮದುವೆಯಾದ ಮೇಲೆ ಕೇಳಿದ್ದು ಅದೇ ಮೊದಲು. ಕಾಲೊರಸಿನ ಮೇಲೆ ಕುಣಿದೇಬಿಟ್ಟಳು. ದೀಪಗಳು ಮಿಣಮಿಣ, ಮಿಣಮಿಣ. ಟೈಲರನ ಸೂಜಿ ಓಡಿತು. ಬ್ಯಾಂಡ್ ಮಾಸ್ಟರ್ ಒಳಗೆ ಕಾಲಿಡುವಷ್ಟರಲ್ಲಿ ಮೂರನೆಯ ಗುಂಡಿಗೂ ಗಂಟು ಬಿತ್ತು.

ಬ್ಯಾಂಡ್ ಮಾಸ್ಟರ್: ಆಯ್ತೇನ್ರೀ ಟೈಲರೇ?

ಟೈಲರ್: ಆಯ್ತು ಸ್ವಾಮಿ, ತಗೊಳ್ಳಿ! ನೋಡಿದ್ಯೇನೇ? ಸಿಟ್ಟಿಗಿಂತ ಸಂತೋಷದಲ್ಲೇ ಜಾಸ್ತಿ ಕರೆಂಟು. ಇನ್ನು ಎಲೆಕ್ಟ್ರಿಷಿಯನ್ ಯಾಕೆ ದಂಡಕ್ಕೆ?

ಹೆಂಡತಿ: ಏನಂದ್ರಿ?

ಧಡ್! ಆ ದಿನದ ಅತಿ ದೊಡ್ಡ ಬೆಳಕು ಅದೇ. ಆ ಬೆಳಕಲ್ಲಿ ಬ್ಯಾಂಡ್ ಮಾಸ್ಟರ್ ಕೋಟನ್ನು ಎಳೆದ. ಕೋಟಿನ ಜೊತೆಗೆ ಟೈಲರೂ ಎದ್ದು ಬಂದ. ಮೂರನೆಯ ಗುಂಡಿ ಕೋಟನ್ನು ದಾಟಿ ಅವನ ಪ್ಯಾಂಟಿಗೂ ಸೇರಿ ಹೊಲಿದುಹೋಗಿತ್ತು.

ಬ್ಯಾಂಡ್ ಮಾಸ್ಟರ್: ಆರಕ್ಕೆ ಕಾರ್ಯಕ್ರಮ ಕಣ್ರೀ! ಬಿಡ್ರೀ ಕೋಟನ್ನ!

ಟೈಲರ್: ಲೇ, ಕತ್ತರಿ! ಕತ್ತರಿ ಎಲ್ಲೇ?

ಹೆಂಡತಿ: ನನ್ನ ಕೈಲಿದೆ. ಮುಟ್ಟಬೇಕು, ಬಿಡಬೇಕು ಅಂದ್ರಲ್ಲ? ಮುಟ್ಟಿದ್ದಾಯ್ತು. ಮೊದಲು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಆಮೇಲೆ ಬಿಡಿಸ್ತೀನಿ.