ರೋಲರಿನ ಮುಂದೆ ಚಂದಯ್ಯ

ಚಂದಯ್ಯನ ಗಂಟಲು ಕಟ್ಟಿದ್ದಕ್ಕೆ ಕಾರಣ ಒಂದು ಹಿಡಿ ಹುಳಿಹುಳಿ ಬಿಂಬುಳಿ ಕಾಯಿ. ಸಂಜೆ ಉಪ್ಪು ಮೆಣಸು ಹಚ್ಚಿ ಚಪ್ಪರಿಸಿದ್ದ. ಬೆಳಿಗ್ಗೆ ಹೆಂಡತಿಯನ್ನು ಕರೆಯಲು ಬಾಯಿ ತೆರೆದರೆ ತೂತು ಬಿದ್ದ ತಿದಿಯ ಹಾಗೆ ಬರೀ ಗಾಳಿ ಬಂತು.

ಬೇರೆಯವನಾಗಿದ್ದರೆ ಚಿಂತೆಯಿರಲಿಲ್ಲ. ಮಹಾಯುದ್ಧ ಮುಗಿದ ಮರುವರ್ಷ ವಂಡ್ಸೆಯ ರಸ್ತೆಗೆ ಜಲ್ಲಿ ಹಾಸಿ, ಹೊಗೆ ಕಾರುವ ರೋಲರ್ ಓಡಿಸುತ್ತಿದ್ದರು. ಜಲ್ಲಿ ಹೊರುವವರು ಅದರಡಿಗೆ ಸಿಕ್ಕದಂತೆ ಕೂಗಿ ಎಚ್ಚರಿಸುವುದೇ ಚಂದಯ್ಯನ ಉದ್ಯೋಗ. ಬುಟ್ಟಿ ಹೊರದೆ ಕೈಬೀಸಿ ನಡೆಯುವ ಈ ಕೆಲಸ ಕೊಟ್ಟ ದೇವರಿಗೆ ಅವನು ದಿನವೂ ಕೈಮುಗಿಯುತ್ತಿದ್ದ.

ನೆರೆಮನೆಯ ಕುಷ್ಟ ಬೇಲಿ ಹಾರಿ ಬಂದ. "ಎಂತಾ ಚಂದಯ್ಯ, ಸ್ವರ ಹೋಯ್ತಾ? ಹೆದ್ರಬ್ಯಾಡ ಮಾರಾಯ. ನಮ್ಮನಿ ಜಾಗಟಿ ತಕಂಡ್ ಹೋಗ್. ಬಡುಕೆ ಗಂಟ್ಲ್ ಎಂತಕ್ಕ್?"

ಇಂಥ ನೆರೆಯವನು ಸಿಕ್ಕಿದ್ದಕ್ಕೆ ಚಂದಯ್ಯನ ಕಣ್ಣು ತುಂಬಿತು.

ರಸ್ತೆಯಲ್ಲಿ ರೋಲರ್ ಹೊರಟದ್ದೇ ತಡ, ಢಣ್ ಢಣ್ ಎಂದು ಬಾರಿಸಿದ. ದೂರದಲ್ಲಿದ್ದ ಹೆಂಗಸರೆಲ್ಲ ಬುಟ್ಟಿ ಇಳಿಸಿ, ಕೈಮುಗಿದುಕೊಂಡು ನೇರ ರೋಲರಿನ ಎದುರಿಗೇ ಬಂದು ನಿಂತರು! "ಮಂಗ್ಳಾರ್ತಿ ಎಲ್ಲಿ?" ಎಂದು ಒಬ್ಬಳು ಅಜ್ಜಿ ಕೇಳಿಯೇ ಬಿಟ್ಟಳು. ರೋಲರ್ ಕೆಸರಿನಲ್ಲಿ ಹೂತ ಕೋಣದಂತೆ ಬುಸುಗುಟ್ಟಿ ನಿಂತಿತು.

ಮೇಸ್ತ್ರಿ ಪ್ರೇಮಾನಂದ ಓಡಿ ಬಂದು ಜಾಗಟೆ ಕಸಿದುಕೊಂಡ. "ಹ್ವಾಯ್! ನಿನ್ನ ಇಟ್ಟದ್ದ್ ಜನ ದೂರ ಮಾಡುಕೆ, ಹತ್ರ ಕರುಕಲ್ಲ!"

ಚಂದಯ್ಯ ಕೈಕಾಲು ಆಡಿಸಿ ಎಚ್ಚರಿಸಲು ನೋಡಿದ. "ಮೈಮೇಲ್ ಬಂತ್ ಕಾಣಿ" ಎಂದು ಹೆಂಗಸರು ನಿಂತು ನೋಡಿದರು.

ಅಷ್ಟರಲ್ಲಿ ರೋಲರ್ ಹಿಂದಕ್ಕೆ ಹೊರಟಿತು. ಅದರ ಬೆನ್ನ ಹಿಂದೆಯೇ ಜಲ್ಲಿ ಹೊರುವ ಸರೋಜ ಬಗ್ಗಿ ಬುಟ್ಟಿಗೆ ಜಲ್ಲಿ ತುಂಬುತ್ತಿದ್ದಳು. ಚಂದಯ್ಯ ಬಾಯಿ ತೆರೆದ, ಗಾಳಿ. ಓಡಿದವನೇ ಅವಳ ರಟ್ಟೆ ಹಿಡಿದು ಎಳೆದ. ಇಬ್ಬರೂ ಉರುಳಿ ಚರಂಡಿಯ ಕೆಸರಿಗೆ ಬಿದ್ದರು.

"ಹಾಡ್‌ಹಗಲಗೆ ಹೆಂಗ್ಸಿನ್ ಕೈ ಎಳಿತ್ಯಾ? ನಿನ್ ಮಂಡೆ ಒಡೀಲಿ!"

ಸರೋಜಳ ಆ ಸ್ವರಕ್ಕೆ ಹಾಡಿಯ ಮರಗಳ ಕಾಗೆಗಳೆಲ್ಲ ಎದ್ದು ಹಾರಿದವು. ರೋಲರ್ ತಾನಾಗಿ ನಿಂತಂತೆ ನಿಂತಿತು. ಆಮೇಲೆ ಅವಳ ಕಣ್ಣು ರಸ್ತೆಗೆ ಹೋಯಿತು. ಅವಳ ಬುಟ್ಟಿ ಹಪ್ಪಳವಾಗಿ ಬಿದ್ದಿತ್ತು.

ಸರೋಜ ಕೆಸರಿನಲ್ಲೇ ಅವನ ಕಾಲು ಹಿಡಿದಳು. "ತಪ್ಪಾಯ್ತ್ ಮಾರಾಯ್ರೆ. ನನ್ ಮಕ್ಕಳಿಗೆ ಅಬ್ಬೆ ಉಳ್ದದ್ದ್ ನಿಮ್ಮಿಂದ." ಯಾರೋ ಬೆಲ್ಲ ನೀರು ಕೊಟ್ಟರು, ಯಾರೋ ಸೆರಗಿನಲ್ಲಿ ಕೆಸರು ಒರೆಸಿದರು. ಎಲ್ಲರೂ ಬದಿಗೆ ನಿಂತ ಹೊರತು ಇನ್ನು ರೋಲರ್ ಹಿಂದಕ್ಕೆ ಬರಕೂಡದು ಎಂದು ಮೇಸ್ತ್ರಿ ಅಲ್ಲೇ ಕಟ್ಟಪ್ಪಣೆ ಮಾಡಿದ. ಚಂದಯ್ಯನಿಗೆ ಜನ್ಮ ಸಾರ್ಥಕವೆನಿಸಿತು.

ಸರೋಜ ಮೇಸ್ತ್ರಿಯ ಕಡೆ ತಿರುಗಿದಳು. "ಒಡೆಯ, ಇವ್ರ್ ಗಂಟ್ಲ್ ಹೋದ್ದ್ ನಮ್ಗಾಯಿ ಕೂಗಿ ಕೂಗಿ. ಇನ್ನ್ ಇವ್ರ್ ಕೂಗೂದ್ ಬ್ಯಾಡ. ನಾನ್ ಕೂಗ್ತೆ."

ಕಾಗೆ ಹಾರಿದ್ದನ್ನು ಮೇಸ್ತ್ರಿಯೂ ಕಂಡಿದ್ದ. "ಬೇಷ್! ಈಗಿಂದ್ಲೇ ಕೂಗ್. ನಿನ್ ಕೆಲ್ಸ ಚಂದಯ್ಯ ಮಾಡ್ಲಿ."

ಬೇಡವೇ ಬೇಡ ಎಂದು ಚಂದಯ್ಯ ಕಿರುಚಿದ, ಬರೀ ಗಾಳಿ. ಕೈಮುಗಿದು ಬೇಡಿಕೊಂಡ.

"ಕಾಣಿ, ಖುಷಿಯಗೆ ಪಾಪ ಮಾತೇ ಬತ್ತಿಲ್ಲೆ!" ಹೆಂಗಸರು ಕಣ್ಣೊರೆಸಿಕೊಂಡರು. ಸರೋಜ ಹೊಸ ಬುಟ್ಟಿ ತಂದು, ಉಪಕಾರ ನೆನೆದು ಒಂದು ಹಿಡಿ ಜಲ್ಲಿ ಕಡಿಮೆಯೇ ತುಂಬಿ, ಅವನ ತಲೆಯ ಮೇಲಿಟ್ಟಳು.